10 ಮೆಗಾಹರ್ಟ್ಸ್ ನಿಜಕ್ಕೂ ಹತ್ತೇ? ನಿಮ್ಮ ಮೇಜಿಗೊಂದು ಫ್ರೀಕ್ವೆನ್ಸಿ ಸ್ಟ್ಯಾಂಡರ್ಡ್ ಕಟ್ಟಿಕೊಳ್ಳುವ ಬಗೆ

"ಕೌಂಟರ್ 9.999987 ಮೆಗಾಹರ್ಟ್ಸ್ ತೋರಿಸುತ್ತಿದೆ. ಆಸಿಲೇಟರ್ ಡಬ್ಬಿಯ ಮೇಲೆ ಮಾತ್ರ 10.000 ಅಂತ ಅಚ್ಚಾಗಿದೆ. ತಪ್ಪು ಯಾವುದರದ್ದು?"

ಅಂಕಿ ಬದಲಾಗಿರುತ್ತದೆ, ಪ್ರಶ್ನೆ ಇದೇ. ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ, ಹಾಗಾಗಿ ಈ ಸಲ ಪೂರ್ತಿಯಾಗಿ ಬರೆದುಬಿಡುತ್ತೇನೆ. ಚಿಕ್ಕ ಉತ್ತರ ಇಷ್ಟೇ: ಇಷ್ಟರಿಂದ ಹೇಳಲು ಬರುವುದಿಲ್ಲ. ಆಸಿಲೇಟರ್ ಅಂದರೆ ಒಂದೇ ಲಯದಲ್ಲಿ ವಿದ್ಯುತ್ ಅಲೆ ಹುಟ್ಟಿಸುವ ಸಾಧನ, ಕೌಂಟರ್ ಅಂದರೆ ಸೆಕೆಂಡಿಗೆ ಎಷ್ಟು ಅಲೆ ಬಂತು ಅಂತ ಎಣಿಸುವ ಉಪಕರಣ. ಆ ಕೌಂಟರ್ ಒಳಗೂ ಒಂದು ಕ್ವಾರ್ಟ್ಜ್ ಕ್ರಿಸ್ಟಲ್ ಕೂತಿದೆ. ಅದು "ಇಗೋ, ಒಂದು ಸೆಕೆಂಡ್ ಆಯಿತು" ಅಂದಾಗ ಕೌಂಟರ್ ನಂಬಿಕೊಂಡು ಎಣಿಕೆ ನಿಲ್ಲಿಸುತ್ತದೆ. ತಕ್ಕಡಿಯ ಕಲ್ಲೇ ಸವೆದಿದೆಯೋ ಇಲ್ಲವೋ ಗೊತ್ತಿಲ್ಲದಾಗ ತೂಕದ ಬಗ್ಗೆ ಜಗಳವಾಡಿ ಏನು ಬಂತು? ಎರಡಕ್ಕಿಂತಲೂ ನಂಬಿಕಸ್ಥವಾದ ಮೂರನೆಯದೊಂದು ಬೇಕು, ಅದೇ ಫ್ರೀಕ್ವೆನ್ಸಿ ಸ್ಟ್ಯಾಂಡರ್ಡ್. ಅದನ್ನು ಮನೆಯಲ್ಲೇ ಹೇಗೆ ಮಾಡಿಕೊಳ್ಳುವುದು, ಎಲ್ಲೆಲ್ಲಿ ಕಾಲು ಜಾರುತ್ತದೆ ಅನ್ನುವುದೇ ಈ ಲೇಖನ.

ಶುರು ಮಾಡುವ ಮುಂಚೆ ಎರಡು ಪದಗಳನ್ನು ಬೇರೆ ಮಾಡಿಕೊಳ್ಳಿ, ಮುಂದಿನದ್ದೆಲ್ಲ ಇದರ ಮೇಲೇ ನಿಂತಿದೆ. ದಿನಕ್ಕೆ ಸರಿಯಾಗಿ ಎರಡು ಸೆಕೆಂಡ್ ಮುಂದೆ ಓಡುವ ಗಡಿಯಾರ ಒಂದು. ಇವತ್ತೂ ಎರಡು, ನಾಳೆಯೂ ಎರಡು. ಇದಕ್ಕೆ ಸ್ಥಿರತೆ ಇದೆ, ನಿಖರತೆ ಇಲ್ಲ. ಇನ್ನೊಂದು ಗಡಿಯಾರ ಇವತ್ತು ಮೂರು ಸೆಕೆಂಡ್ ಮುಂದೆ, ನಾಳೆ ಎರಡು ಹಿಂದೆ, ಮತ್ತೊಂದು ದಿನ ಒಂದು ಹಿಂದೆ. ವರ್ಷವಿಡೀ ನೋಡಿದರೆ ಮಾತ್ರ ಸರಿಯಾದ ಸಮಯಕ್ಕೇ ಅಂಟಿಕೊಂಡಿರುತ್ತದೆ. ಇದಕ್ಕೆ ನಿಖರತೆ ಇದೆ, ಸ್ಥಿರತೆ ಇಲ್ಲ. ಒಳ್ಳೆಯ ಕ್ವಾರ್ಟ್ಜ್ ಆಸಿಲೇಟರ್ ಮೊದಲನೆಯದರ ಹಾಗೆ. ಜಿಪಿಎಸ್ ರಿಸೀವರ್ ಕೊಡುವ ಸೆಕೆಂಡ್ ಪಲ್ಸ್ ಎರಡನೆಯದರ ಹಾಗೆ. ಕಡಿಮೆ ಹೊತ್ತಿಗೆ ಕ್ವಾರ್ಟ್ಜನ್ನೂ ಹೆಚ್ಚು ಹೊತ್ತಿಗೆ ಉಪಗ್ರಹವನ್ನೂ ನಂಬುವುದು, ಯಾವಾಗ ಒಂದರ ಕೈಯಿಂದ ಇನ್ನೊಂದರ ಕೈಗೆ ಒಪ್ಪಿಸಬೇಕು ಅಂತ ತಿಳಿದಿರುವುದು: ಈ ಹವ್ಯಾಸದ ಮುಕ್ಕಾಲು ಪಾಲು ಕಸುಬು ಅದರಲ್ಲೇ ಇದೆ.

ಹಂತ 1: ನಿಮಗೆ ಎಷ್ಟು ಬೇಕು?

ಈ ಲೋಕದಲ್ಲಿ ಎರಡು ಅಳತೆಗಳು ಓಡಾಡುತ್ತವೆ. ಪಿಪಿಎಂ ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. ಪಿಪಿಬಿ ಅಂದರೆ ನೂರು ಕೋಟಿಯಲ್ಲಿ ಒಂದು ಪಾಲು. ದಿನಕ್ಕೆ 86,400 ಸೆಕೆಂಡ್. ಹಾಗಾಗಿ 1 ಪಿಪಿಎಂ ತಪ್ಪಿದ ಗಡಿಯಾರ ದಿನಕ್ಕೆ 0.0864 ಸೆಕೆಂಡ್, ತಿಂಗಳಿಗೆ ಸುಮಾರು ಎರಡೂವರೆ ಸೆಕೆಂಡ್ ತಪ್ಪುತ್ತದೆ. 1 ಪಿಪಿಬಿ ತಪ್ಪಿದ್ದಕ್ಕೆ ಒಂದು ಸೆಕೆಂಡ್ ವ್ಯತ್ಯಾಸ ಬರಲು ಮೂವತ್ತು ವರ್ಷಕ್ಕೂ ಹೆಚ್ಚು ಬೇಕು. ಮೇಲಿನ ಪ್ರಶ್ನೆಯಲ್ಲಿದ್ದ 13 ಹರ್ಟ್ಸ್ ವ್ಯತ್ಯಾಸ 1.3 ಪಿಪಿಎಂ. ಅಗ್ಗದ ಕೌಂಟರ್‌ಗೆ ಅದು ಏನೇನೂ ಅಲ್ಲ.

ಮೈಕ್ರೊಕಂಟ್ರೋಲರ್ ಸರ್ಕ್ಯೂಟ್‌ಗಳನ್ನು ಪರೀಕ್ಷಿಸುವುದಷ್ಟೇ ನಿಮ್ಮ ಕೆಲಸವಾಗಿದ್ದರೆ 1 ಪಿಪಿಎಂ ಧಾರಾಳ ಸಾಕು. ಒಂದು ಒಳ್ಳೆಯ ಟಿಸಿಎಕ್ಸ್‌ಓ (ತಾಪಕ್ಕೆ ತಕ್ಕಂತೆ ತನ್ನನ್ನು ತಿದ್ದಿಕೊಳ್ಳುವ ಆಸಿಲೇಟರ್) ಹಾಕಿಕೊಳ್ಳಿ, ಹಾಯಾಗಿರಿ. ರೇಡಿಯೋದವರ ಲೆಕ್ಕ ಬೇರೆ. 14 ಮೆಗಾಹರ್ಟ್ಸ್‌ನಲ್ಲಿ 1 ಪಿಪಿಎಂ ಅಂದರೆ ಬರೀ 14 ಹರ್ಟ್ಸ್. ಅದೇ 10 ಗಿಗಾಹರ್ಟ್ಸ್‌ಗೆ ಹೋದರೆ 10 ಕಿಲೋಹರ್ಟ್ಸ್ ಆಗುತ್ತದೆ, ಎದುರಿನವರ ಸಿಗ್ನಲ್ ಎಲ್ಲಿದೆ ಅಂತ ಹುಡುಕುವುದರಲ್ಲೇ ಸಂಜೆ ಕಳೆಯುತ್ತದೆ. ಅಂಥವರಿಗೆ ಪಿಪಿಬಿ ಲೆಕ್ಕದ ನಿಖರತೆ ಬೇಕು.

ಕೊನೆಗೆ ನನ್ನಂಥವರೂ ಇದ್ದಾರೆ. ಯಾವ ಉಪಯೋಗಕ್ಕೂ ಅಲ್ಲ, ಇನ್ನೊಂದು ಸೊನ್ನೆ ಸರಿಯಾಗಲಿ ಅಂತ ಒದ್ದಾಡುವವರು. ನಮಗೆ ಮಿತಿಯಿಲ್ಲ, ಮದ್ದೂ ಇಲ್ಲ.

ಹಂತ 2: ಸಾಮಾನು ಆರಿಸುವುದು

ಕ್ರಿಸ್ಟಲ್ ಆಸಿಲೇಟರ್‌ನ ದೊಡ್ಡ ಶತ್ರು ತಾಪಮಾನ. ಕೈಗಡಿಯಾರದ 32,768 ಹರ್ಟ್ಸ್ ಕ್ರಿಸ್ಟಲನ್ನೇ ನೋಡಿ. ಈ ಸಂಖ್ಯೆ ಎರಡರ ಹದಿನೈದನೇ ಘಾತ, ಹದಿನೈದು ಸಲ ಅರ್ಧ ಮಾಡಿದರೆ ಸೆಕೆಂಡ್ ಸಿಗುತ್ತದೆ. ಆ ಕ್ರಿಸ್ಟಲ್ 25 ಡಿಗ್ರಿಯ ಆಸುಪಾಸಿನಲ್ಲಿ ಅತಿ ವೇಗವಾಗಿರುತ್ತದೆ. ಅಲ್ಲಿಂದ ತಾಪ ಏರಿದರೂ ಇಳಿದರೂ ನಿಧಾನವಾಗುತ್ತದೆ. ಹತ್ತು ಡಿಗ್ರಿ ಆಚೀಚೆಯಾದರೆ ಸುಮಾರು 3.5 ಪಿಪಿಎಂ, ಇಪ್ಪತ್ತು ಡಿಗ್ರಿಯಾದರೆ ಅದರ ನಾಲ್ಕು ಪಟ್ಟು.

ಈ ಕಾಟಕ್ಕೆ ಎರಡು ಪರಿಹಾರಗಳಿವೆ. ತಾಪಮಾನ ಅಳೆದು ಅದಕ್ಕೆ ತಕ್ಕ ಹಾಗೆ ಆವರ್ತನವನ್ನು ತಿದ್ದುವುದು ಒಂದು, ಅದೇ ಟಿಸಿಎಕ್ಸ್‌ಓ. ಕ್ರಿಸ್ಟಲನ್ನು ಪುಟ್ಟ ಒಲೆಯೊಳಗಿಟ್ಟು ಹೊರಗಿನ ಹವೆ ತಾಗದಂತೆ ಸದಾ ಒಂದೇ ಬಿಸಿಯಲ್ಲಿ ಕಾಯುವುದು ಇನ್ನೊಂದು, ಅದೇ ಓಸಿಎಕ್ಸ್‌ಓ. ನಮಗೆ ಬೇಕಾದ್ದು ಎರಡನೆಯದು. ಕೊಳ್ಳುವಾಗ ಇಎಫ್‌ಸಿ ಅನ್ನುವ ಪಿನ್ ಇದೆಯೇ ನೋಡಿ. ಆ ಪಿನ್‌ಗೆ ಕೊಡುವ ವೋಲ್ಟೇಜ್ ಬದಲಿಸಿ ಆವರ್ತನವನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಬಹುದು. ಅದಿಲ್ಲದಿದ್ದರೆ ಮುಂದಿನ ಹಂತಗಳಿಗೆ ಅರ್ಥವಿಲ್ಲ.

ಹಳೇ ಟೆಲಿಕಾಂ ಬೋರ್ಡ್‌ಗಳಿಂದ ಕಿತ್ತ ಓಸಿಎಕ್ಸ್‌ಓ ಕೊಳ್ಳಬಹುದೇ ಅಂತ ತುಂಬ ಜನ ಹಿಂಜರಿಯುತ್ತಾರೆ. ಧೈರ್ಯವಾಗಿ ಕೊಳ್ಳಿ. ಹೊಸ ಕ್ರಿಸ್ಟಲ್ ಮೊದಲ ತಿಂಗಳುಗಳಲ್ಲಿ ಸುಮ್ಮನೆ ಒಂದೇ ದಿಕ್ಕಿಗೆ ಸರಿಯುತ್ತಿರುತ್ತದೆ. ಇದನ್ನು ಏಜಿಂಗ್ ಅಂತಾರೆ, ಕ್ರಿಸ್ಟಲ್‌ಗೆ ವಯಸ್ಸಾಗುವುದು. ವರ್ಷಗಟ್ಟಲೆ ಉರಿದ ಹಳೆಯದು ಅಷ್ಟರಲ್ಲಿ ಅರ್ಧ ಶಾಂತವಾಗಿರುತ್ತದೆ. ಆದರೆ ಒಂದು ಎಚ್ಚರ: ಹಾಗೆ ಸರಿಯುತ್ತ ಸರಿಯುತ್ತ ಕೆಲವು ಇಎಫ್‌ಸಿಯ ಕೈಗೆ ಎಟುಕದಷ್ಟು ದೂರ ಹೋಗಿರುತ್ತವೆ. ಕೊಂಡ ಮೇಲೆ ಎರಡು ದಿನ ಉರಿಸಿ, ಇಎಫ್‌ಸಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಒಯ್ದು, ನಡುವೆ ಎಲ್ಲಾದರೂ 10 ಮೆಗಾಹರ್ಟ್ಸ್ ಸಿಗುತ್ತದೆಯೇ ನೋಡಿ. ತುದಿಗೆ ಅಂಟಿಕೊಂಡಂತೆ ಸಿಕ್ಕರೆ ಅದರ ಆಯಸ್ಸು ಮುಗಿಯುತ್ತ ಬಂದಿದೆ ಅಂತ ಲೆಕ್ಕ.

ಜಿಪಿಎಸ್ ಮಾಡ್ಯೂಲ್ ಯಾವುದಾದರೂ ಆದೀತು, ಪಿಪಿಎಸ್ ಔಟ್‌ಪುಟ್ ಇರಬೇಕು ಅಷ್ಟೇ. ಪಿಪಿಎಸ್ ಅಂದರೆ ಪ್ರತಿ ಸೆಕೆಂಡ್‌ನ ಆರಂಭಕ್ಕೆ ಸರಿಯಾಗಿ ಬರುವ ಒಂದು ಪಲ್ಸ್. ಅಗ್ಗದ ಕೆಲವು ಬೋರ್ಡ್‌ಗಳಲ್ಲಿ ಆ ಪಲ್ಸ್ ಮಿಣುಕುವ ಎಲ್‌ಇಡಿಯವರೆಗೆ ಮಾತ್ರ ಬಂದಿರುತ್ತದೆ, ಹೊರಗೆ ಪಿನ್ ಇರುವುದಿಲ್ಲ. ಅಲ್ಲಿಂದ ಸಣ್ಣ ತಂತಿ ಬೆಸೆದು ತೆಗೆಯಬೇಕು. ಟೈಮಿಂಗ್‌ಗೆಂದೇ ಮಾಡಿದ ಮಾಡ್ಯೂಲ್ ಸಿಕ್ಕರೆ ಇನ್ನೂ ಒಳ್ಳೆಯದು. ಅದಕ್ಕೆ ತಾನು ಕದಲುತ್ತಿಲ್ಲ ಅನ್ನುವುದು ಗೊತ್ತಿರುತ್ತದೆ. ಜಾಗವನ್ನು ಒಮ್ಮೆ ಸರಿಯಾಗಿ ಅಳೆದುಕೊಂಡು, ಆಮೇಲೆ ಬಂದ ಸಿಗ್ನಲ್‌ಗಳನ್ನೆಲ್ಲ ಸಮಯ ಲೆಕ್ಕ ಹಾಕಲು ಮಾತ್ರ ಬಳಸುತ್ತದೆ.

ಇವುಗಳ ಜೊತೆಗೆ ಎರಡು ಚಾನಲ್‌ನ ಡಿಜಿಟಲ್ ಆಸಿಲೋಸ್ಕೋಪ್, ಒಳ್ಳೆಯ ವೋಲ್ಟೇಜ್ ರೆಫರೆನ್ಸ್ ಐಸಿ (ಅಲುಗದ ವೋಲ್ಟೇಜ್ ಕೊಡುವಂಥದ್ದು), ಹಲವು ಸುತ್ತು ತಿರುಗುವ ಪೊಟೆನ್ಶಿಯೋಮೀಟರ್, ಆವರ್ತನವನ್ನು ಭಾಗಿಸುವ ಒಂದು 74ಎಚ್‌ಸಿ390 ಐಸಿ ಬೇಕು. ಹಳೇ ಅನಲಾಗ್ ಸ್ಕೋಪ್ ಆಗದೇ ಅಂತ ಕೇಳಬೇಡಿ. ಸೆಕೆಂಡಿಗೆ ಒಂದೇ ಸಲ ಮೂಡುವ ಗೆರೆ ಅದರಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ.

ರುಬಿಡಿಯಂ ಕೊಳ್ಳಲೇ ಅನ್ನುವ ಪ್ರಶ್ನೆಗೂ ಇಲ್ಲೇ ಉತ್ತರಿಸಿಬಿಡುತ್ತೇನೆ. ರುಬಿಡಿಯಂ-87 ಪರಮಾಣುವಿನ 6.8346826 ಗಿಗಾಹರ್ಟ್ಸ್ ಕಂಪನಕ್ಕೆ ಕ್ವಾರ್ಟ್ಜನ್ನು ಕಟ್ಟಿಹಾಕುವ ಯಂತ್ರ ಅದು. ಆಂಟೆನಾಗೆ ಆಕಾಶವೇ ಕಾಣದ ಕಡೆ ಇರುವವರಿಗೆ ಒಳ್ಳೆಯದು. ಆದರೆ ಚೆನ್ನಾಗಿ ಬಿಸಿಯಾಗುತ್ತದೆ, ದಪ್ಪ ಹೀಟ್‌ಸಿಂಕ್ ಕಡ್ಡಾಯ, ಒಳಗಿನ ದೀಪ ಸವೆಯುತ್ತದೆ. ಮುಖ್ಯವಾಗಿ, "ಪರಮಾಣು" ಅಂತ ಹೆಸರಿದ್ದರೂ ಅದನ್ನೂ ಬೇರೊಂದಕ್ಕೆ ಹೋಲಿಸಿ ತಿದ್ದಲೇಬೇಕು. ಸೆಕೆಂಡ್‌ನ ವ್ಯಾಖ್ಯಾನ ನಿಂತಿರುವುದು ಸೀಸಿಯಂ-133ರ ಮೇಲೆ: 1967ರಿಂದ ಅದರ 9,192,631,770 ಕಂಪನಗಳೇ ಒಂದು ಸೆಕೆಂಡ್. ರುಬಿಡಿಯಂನದು ಎರಡನೇ ಸಾಲಿನ ಜಾಗ. ಮೊದಲ ಪ್ರಾಜೆಕ್ಟ್‌ಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಹಂತ 3: ಉರಿಸಿ, ಕಾಯಿರಿ

ಓಸಿಎಕ್ಸ್‌ಓಗೆ ವಿದ್ಯುತ್ ಕೊಟ್ಟ ಕೂಡಲೇ ಒಲೆ ಹೊತ್ತಿಕೊಂಡು ಕರೆಂಟನ್ನು ಗಬಗಬ ಎಳೆಯುತ್ತದೆ. ಪವರ್ ಸಪ್ಲೈನ ಮೀಟರ್ ನೋಡುತ್ತಿರಿ. ಕೆಲವು ನಿಮಿಷಗಳಲ್ಲಿ ಕರೆಂಟ್ ಸರ್ರನೆ ಇಳಿದು ಒಂದು ಮಟ್ಟದಲ್ಲಿ ನಿಲ್ಲಬೇಕು. ಇಳಿಯದಿದ್ದರೆ ಒಲೆ ಕೆಟ್ಟಿದೆ. ಇಳಿಯಿತು ಅಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಬಿಸಿಯೇರಲು ಬೇಕಾದದ್ದು ನಿಮಿಷಗಳು, ಕ್ರಿಸ್ಟಲ್ ತನ್ನ ಹಳೆಯ ನಡಿಗೆಗೆ ಮರಳಲು ಬೇಕಾದದ್ದು ದಿನಗಳು. ರಾತ್ರಿ ಆರಿಸಿ ಬೆಳಿಗ್ಗೆ ಹಾಕುವವರಿಗೆ ಪ್ರತಿದಿನವೂ ಮೊದಲನೇ ದಿನವೇ. ಇದನ್ನು ಆರಿಸಲೇಬಾರದು.

ಇಡುವ ಜಾಗದ ಬಗ್ಗೆ ಮೂರು ಮಾತು. ಗಾಳಿ ಬೀಸುವ ಕಡೆ ಇಡಬೇಡಿ. ಫ್ಯಾನ್ ಹಾಕಿದ್ದು ಆರಿಸಿದ್ದು ಗ್ರಾಫ್‌ನಲ್ಲಿ ಮೆಟ್ಟಿಲಿನ ಹಾಗೆ ಕಾಣುತ್ತದೆ. ಒಂದು ಡಬ್ಬಿಯಲ್ಲಿ ಮುಚ್ಚಿ. ಹಾಗಂತ ಥರ್ಮೋಕೋಲ್‌ನಿಂದ ಗಟ್ಟಿಯಾಗಿ ಸುತ್ತಲೂಬೇಡಿ. ಒಲೆಗೆ ಬಿಸಿ ಮಾಡುವುದು ಗೊತ್ತೇ ಹೊರತು ತಂಪು ಮಾಡುವುದು ಗೊತ್ತಿಲ್ಲ. ಬಿಸಿ ಹೊರಹೋಗಲು ದಾರಿಯೇ ಇಲ್ಲದಿದ್ದರೆ ನಿಯಂತ್ರಣ ಕೈತಪ್ಪುತ್ತದೆ. ಇನ್ನೊಂದು ಬಹಳ ಜನರಿಗೆ ಹೊಸದು: ಆಸಿಲೇಟರನ್ನು ಮಗುಚಿ ಇಟ್ಟರೆ ಆವರ್ತನ ಬದಲಾಗುತ್ತದೆ. ಗುರುತ್ವ ಕ್ರಿಸ್ಟಲನ್ನು ಒತ್ತುವ ದಿಕ್ಕು ತಿರುಗುವುದೇ ಕಾರಣ. ಒಂದೆರಡು ಪಿಪಿಬಿ ಸರಿದರೆ ಗಾಬರಿಯಾಗಬೇಡಿ. ಯಾವ ಮಗ್ಗುಲಲ್ಲಿ ತಿದ್ದುತ್ತೀರೋ ಅದೇ ಮಗ್ಗುಲಲ್ಲಿ ಬಳಸಿ.

ಹಂತ 4: ಆಕಾಶದಿಂದ ಸೆಕೆಂಡ್ ಇಳಿಸಿಕೊಳ್ಳುವುದು

ಆಂಟೆನಾಗೆ ಸಾಧ್ಯವಾದಷ್ಟು ತೆರೆದ ಆಕಾಶ ಕಾಣಬೇಕು. ಕಿಟಕಿಯ ಅಂಚಿನಲ್ಲಿಟ್ಟರೂ ಪಲ್ಸ್ ಬರುತ್ತದೆ ನಿಜ. ಆದರೆ ಗೋಡೆಗೆ ಬಡಿದು ಬರುವ ಪ್ರತಿಫಲಿತ ಸಿಗ್ನಲ್‌ಗಳು ಸೆಕೆಂಡನ್ನು ಅಲುಗಾಡಿಸುತ್ತವೆ. ಕೇಬಲ್ ಉದ್ದದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಮೀಟರಿಗೆ ಸುಮಾರು 5 ನ್ಯಾನೋಸೆಕೆಂಡ್ ತಡವಾಗುತ್ತದೆ, ಆ ತಡ ಬದಲಾಗದ್ದು. ಆವರ್ತನಕ್ಕೆ ಅದರಿಂದ ಏನೂ ಆಗುವುದಿಲ್ಲ.

ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿರುವ ಆ ಉಪಗ್ರಹಗಳ ಗಡಿಯಾರಗಳು ಸಾಪೇಕ್ಷತೆಯ ಕಾರಣ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತವೆ. ಅದಕ್ಕೇ ಅವುಗಳ 10.23 ಮೆಗಾಹರ್ಟ್ಸ್ ಅನ್ನು ಹಾರಿಸುವ ಮುಂಚೆಯೇ 10.22999999543ಕ್ಕೆ ತಗ್ಗಿಸಿರುತ್ತಾರೆ. ನಾವು ಇದಕ್ಕಾಗಿ ಏನೂ ಮಾಡಬೇಕಿಲ್ಲ. ಆದರೂ ಸಾಪೇಕ್ಷತೆಯ ಲೆಕ್ಕ ಮೊದಲೇ ಮುಗಿಸಿಕೊಂಡ ಸಿಗ್ನಲ್ ನಮ್ಮ ಮೇಜಿಗೆ ಬಂದು ಮಿಣುಕುತ್ತಿದೆ ಅನ್ನುವುದು ನನಗೆ ಇವತ್ತಿಗೂ ಮಜಾ ಕೊಡುವ ಸಂಗತಿ.

ಇಲ್ಲಿ ಕಾಲು ಜಾರುವ ಜಾಗಗಳು ಇವು. ಕೆಲವು ಮಾಡ್ಯೂಲ್‌ಗಳು ಉಪಗ್ರಹ ಸಿಗದಿದ್ದಾಗಲೂ ತಮ್ಮ ಸ್ವಂತ ಕ್ರಿಸ್ಟಲ್‌ನಿಂದ ಪಲ್ಸ್ ಕೊಡುತ್ತಲೇ ಇರುತ್ತವೆ. ಸೆಟ್ಟಿಂಗ್‌ನಲ್ಲಿ ಅದನ್ನು ನಿಲ್ಲಿಸಿ, ಇಲ್ಲದಿದ್ದರೆ ಎಲ್‌ಇಡಿ ಮಿಣುಕುವುದನ್ನು ನೋಡಿ ಮೋಸ ಹೋಗುತ್ತೀರಿ. ಗಡಿಯಾರ ತೋರಿಸುವ ಉದ್ದೇಶವಿದ್ದರೆ ಜಿಪಿಎಸ್ ಸಮಯ ಯುಟಿಸಿಗಿಂತ (ಜಗತ್ತಿನ ಗಡಿಯಾರಗಳೆಲ್ಲ ಅನುಸರಿಸುವ ಸಮಯ) 18 ಸೆಕೆಂಡ್ ಮುಂದಿದೆ ಅನ್ನುವುದು ನೆನಪಿರಲಿ. 2017ರ ಆರಂಭದಿಂದ ಅದು ಅಷ್ಟೇ ಇದೆ. ಹಳೇ ರಿಸೀವರ್ ಸುಮಾರು ಇಪ್ಪತ್ತು ವರ್ಷ ಹಿಂದಿನ ತಾರೀಕು ತೋರಿಸಿದರೆ ಎಸೆಯಬೇಡಿ. ಜಿಪಿಎಸ್ ವಾರಗಳನ್ನು 1024ರವರೆಗೆ ಎಣಿಸಿ ಮತ್ತೆ ಸೊನ್ನೆಯಿಂದ ಶುರು ಮಾಡುತ್ತದೆ, ಆ ರಿಸೀವರ್‌ಗೆ ಅದು ಗೊತ್ತಾಗಿಲ್ಲ ಅಷ್ಟೇ. ತಾರೀಕು ಕೆಟ್ಟರೂ ಸೆಕೆಂಡ್ ಕೆಡುವುದಿಲ್ಲ.

ಹಂತ 5: ಸ್ಕೋಪ್‌ನಲ್ಲಿ ಮುಖಾಮುಖಿ

ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ಪಿಪಿಎಸ್ ಅನ್ನು ಒಂದನೇ ಚಾನಲ್‌ಗೆ ಕೊಟ್ಟು ಅದರ ಏರುವ ಅಂಚಿಗೆ ಟ್ರಿಗರ್ ಮಾಡಿ, ಅಂದರೆ ಆ ಅಂಚು ಬಂದಾಗಲೇ ಸ್ಕೋಪ್ ಚಿತ್ರ ಬಿಡಿಸುವ ಹಾಗೆ ಹೊಂದಿಸಿ. ಟ್ರಿಗರ್ ಆಟೋದಲ್ಲಿ ಬೇಡ, ನಾರ್ಮಲ್‌ನಲ್ಲಿರಲಿ. ಓಸಿಎಕ್ಸ್‌ಓದ 10 ಮೆಗಾಹರ್ಟ್ಸ್ ಅನ್ನು ಎರಡನೇ ಚಾನಲ್‌ಗೆ ಕೊಡಿ. ಅಡ್ಡಗೆರೆಯ ಮನೆಯೊಂದಕ್ಕೆ 20 ಅಥವಾ 50 ನ್ಯಾನೋಸೆಕೆಂಡ್ ಇಡಿ. ಸೆಕೆಂಡಿಗೊಮ್ಮೆ ಅಲೆಯ ಚಿತ್ರ ಹೊಸದಾಗುತ್ತದೆ. ಆಸಿಲೇಟರ್ ಸರಿಯಾಗಿದ್ದರೆ ಅಲೆ ಪ್ರತಿ ಸಲವೂ ಅದೇ ಜಾಗದಲ್ಲಿ ಮೂಡುತ್ತದೆ. ವೇಗವಾಗಿದ್ದರೆ ಎಡಕ್ಕೆ, ನಿಧಾನವಾಗಿದ್ದರೆ ಬಲಕ್ಕೆ ಜರುಗುತ್ತದೆ.

ಲೆಕ್ಕ ಸುಲಭ. 10 ಮೆಗಾಹರ್ಟ್ಸ್‌ನ ಒಂದು ಅಲೆ 100 ನ್ಯಾನೋಸೆಕೆಂಡ್ ಉದ್ದ. ಒಂದು ಪೂರ್ತಿ ಅಲೆ ಜರುಗಲು 10 ಸೆಕೆಂಡ್ ಹಿಡಿದರೆ ತಪ್ಪು 10 ಪಿಪಿಬಿ. 100 ಸೆಕೆಂಡ್ ಹಿಡಿದರೆ 1 ಪಿಪಿಬಿ. ಒಂದು ಸಾವಿರ ಸೆಕೆಂಡ್, ಅಂದರೆ ಹದಿನೇಳು ನಿಮಿಷದ ಹತ್ತಿರ ಹಿಡಿದರೆ 0.1 ಪಿಪಿಬಿ. ನೋಡಿ, ಇನ್ನೊಂದು ಸೊನ್ನೆಗೆ ಬೇಕಾದದ್ದು ಹೊಸ ಉಪಕರಣವಲ್ಲ, ಹತ್ತು ಪಟ್ಟು ತಾಳ್ಮೆ.

ಚಿತ್ರ ನಡುಗುತ್ತಿರುತ್ತದೆ, ಅದನ್ನು ಆಸಿಲೇಟರ್‌ನ ತಲೆಗೆ ಕಟ್ಟಬೇಡಿ. ಜಿಪಿಎಸ್ ಮಾಡ್ಯೂಲ್ ಪಲ್ಸ್ ಕೊಡುವುದು ತನ್ನ ಒಳಗಡಿಯಾರದ ಅಂಚು ಬಂದಾಗ ಮಾತ್ರ. 48 ಮೆಗಾಹರ್ಟ್ಸ್ ಒಳಗಡಿಯಾರವಿದ್ದರೆ ಅಂಚುಗಳ ನಡುವಿನ ಅಂತರ ಸುಮಾರು 21 ನ್ಯಾನೋಸೆಕೆಂಡ್, ನಿಜವಾದ ಸೆಕೆಂಡ್ ಆ ಸಂದಿಯಲ್ಲಿ ಎಲ್ಲೋ ಇರುತ್ತದೆ. ಈ ತಪ್ಪು ಗರಗಸದ ಹಲ್ಲಿನ ಹಾಗೆ ಏರಿ ಬೀಳುತ್ತಿರುತ್ತದೆ, ಸರಾಸರಿ ತೆಗೆದರೆ ಹೋಗುತ್ತದೆ. ಆದರೆ ಒಮ್ಮೊಮ್ಮೆ ಒಳಗಡಿಯಾರ ಸೆಕೆಂಡಿನ ಜೊತೆ ಹೆಚ್ಚುಕಡಿಮೆ ಹೊಂದಿಕೊಂಡುಬಿಡುತ್ತದೆ. ಆಗ ತಪ್ಪು ಬಹಳ ಹೊತ್ತು ಒಂದೇ ಕಡೆ ನಿಂತು ಸರಾಸರಿಯನ್ನೂ ಎಳೆದೊಯ್ಯುತ್ತದೆ. ಗ್ರಾಫ್‌ನಲ್ಲಿ ಜೋತುಬಿದ್ದ ತೂಗುಸೇತುವೆಯಂತೆ ಕಾಣುವುದರಿಂದ ಅದಕ್ಕೆ ತೂಗುಸೇತುವೆ ಅಂತಲೇ ಹೆಸರು. ಟೈಮಿಂಗ್ ಮಾಡ್ಯೂಲ್‌ಗಳು ಪ್ರತಿ ಪಲ್ಸ್‌ನ ತಪ್ಪೆಷ್ಟು ಅಂತ ಸೀರಿಯಲ್ ಸಂದೇಶದಲ್ಲಿ ಹೇಳುತ್ತವೆ. ಅದನ್ನು ಕಳೆದುಬಿಟ್ಟರೆ ಸೇತುವೆಯೂ ಮಾಯ.

ಈಗ ಎಲ್ಲರೂ ಬೀಳುವ ಹಳ್ಳ. ನಾನೂ ಬಿದ್ದಿದ್ದೇನೆ. ಗೆರೆ ಅಲ್ಲಾಡದೆ ನಿಂತಿದ್ದು ನೋಡಿ ಅರ್ಧ ಗಂಟೆ ಬೀಗಿದ ಮೇಲೆ ಗೊತ್ತಾಯಿತು, ಆಸಿಲೇಟರ್ ಸರಿಯಾಗಿ 1 ಹರ್ಟ್ಸ್ ತಪ್ಪಿತ್ತು! ಯೋಚಿಸಿ ನೋಡಿ: ಸೆಕೆಂಡಿಗೆ 1,00,00,000ದ ಬದಲು 1,00,00,001 ಅಲೆ ಬಂದರೂ ಮುಂದಿನ ಪಲ್ಸ್ ಹೊತ್ತಿಗೆ ಅಲೆ ಅದೇ ಜಾಗಕ್ಕೆ ಬಂದಿರುತ್ತದೆ. ಚಿತ್ರ ಕದಲುವುದೇ ಇಲ್ಲ. 100 ಪಿಪಿಬಿ ತಪ್ಪು ಸೊನ್ನೆ ತಪ್ಪಿನ ವೇಷ ಹಾಕಿರುತ್ತದೆ. ಪರಿಹಾರಕ್ಕೇ 74ಎಚ್‌ಸಿ390 ಹೇಳಿದ್ದು. ಆ ಒಂದೇ ಐಸಿ ನೂರರಿಂದ ಭಾಗಿಸಿ 100 ಕಿಲೋಹರ್ಟ್ಸ್ ಕೊಡುತ್ತದೆ. ಅದರ ಒಂದು ಅಲೆ 10 ಮೈಕ್ರೋಸೆಕೆಂಡ್ ಉದ್ದ. ಮೂಲದಲ್ಲಿ 1 ಹರ್ಟ್ಸ್ ತಪ್ಪಿದ್ದರೆ ಭಾಗಿಸಿದ ಅಲೆಯ ಅಂಚು ಸೆಕೆಂಡಿಗೆ 100 ನ್ಯಾನೋಸೆಕೆಂಡ್ ಜಿಗಿಯುವುದು ಕಣ್ಣಿಗೆ ಹೊಡೆಯುತ್ತದೆ. ಮೊದಲು 100 ಕಿಲೋಹರ್ಟ್ಸ್‌ನಲ್ಲಿ ನಿಲ್ಲಿಸಿ, ಆಮೇಲೆ 10 ಮೆಗಾಹರ್ಟ್ಸ್‌ಗೆ ಬನ್ನಿ.

ಹಂತ 6: ಕೈಯಿಂದ ತಿದ್ದುವುದು

ಇಎಫ್‌ಸಿ ವೋಲ್ಟೇಜನ್ನು 5 ವೋಲ್ಟ್ ಸಪ್ಲೈನಿಂದ ನೇರವಾಗಿ ತೆಗೆಯಬೇಡಿ. ವೋಲ್ಟೇಜ್ ರೆಫರೆನ್ಸ್ ಐಸಿ, ಅದರ ಮುಂದೆ ಪೊಟೆನ್ಶಿಯೋಮೀಟರ್. ಕಾರಣ ಲೆಕ್ಕದಲ್ಲೇ ಇದೆ: ಇಎಫ್‌ಸಿಯ ಪ್ರಭಾವ ವೋಲ್ಟಿಗೆ 0.2 ಪಿಪಿಎಂ ಅಂತಿಟ್ಟುಕೊಳ್ಳಿ, ಆಗ 1 ಮಿಲಿವೋಲ್ಟ್ ಅಲುಗಿದರೆ 0.2 ಪಿಪಿಬಿ ಅಲುಗಿತು. ಸಾಧಾರಣ ರೆಗ್ಯುಲೇಟರ್‌ಗೆ ಮಿಲಿವೋಲ್ಟ್‌ಗಳು ಲೆಕ್ಕಕ್ಕೇ ಇಲ್ಲ. ನಿಮ್ಮ ಆಸಿಲೇಟರ್‌ನ ಪ್ರಭಾವ ಎಷ್ಟು ಅಂತ ನೀವೇ ಅಳೆದುಕೊಳ್ಳಿ. ಎರಡು ವೋಲ್ಟೇಜ್‌ಗಳಲ್ಲಿ ಜರುಗುವ ವೇಗ ಬರೆದುಕೊಂಡರೆ ಸಾಕು, ಆಮೇಲೆ ಊಹೆಯಿಂದ ತಿರುಗಿಸುವ ಬದಲು ಲೆಕ್ಕದಿಂದ ತಿರುಗಿಸಬಹುದು. ಪ್ರತಿ ಸಲ ತಿರುಗಿಸಿದ ಮೇಲೆ ಕೆಲವು ನಿಮಿಷ ಕೈಕಟ್ಟಿ ಕೂತುಕೊಳ್ಳಿ.

ಗ್ರೌಂಡ್ ತಂತಿಯ ವಿಷಯದಲ್ಲಿ ಅಸಡ್ಡೆ ಬೇಡ. ಒಲೆಯ ಕರೆಂಟ್ 0.3 ಆಂಪಿಯರ್ ಇದ್ದು ಗ್ರೌಂಡ್ ತಂತಿಯ ರೋಧ 10 ಮಿಲಿಓಮ್ ಇದ್ದರೆ ಅಲ್ಲೇ 3 ಮಿಲಿವೋಲ್ಟ್ ಹುಟ್ಟುತ್ತದೆ. ಪೊಟೆನ್ಶಿಯೋಮೀಟರ್‌ನ ಗ್ರೌಂಡ್ ಅದೇ ತಂತಿಯ ದೂರದ ತುದಿಯಲ್ಲಿದ್ದರೆ ಆ 3 ಮಿಲಿವೋಲ್ಟ್ ಇಎಫ್‌ಸಿಗೆ ಸೇರಿಕೊಂಡು 0.6 ಪಿಪಿಬಿ ತಪ್ಪಾಗುತ್ತದೆ. ಅದು ಸುಮ್ಮನೆ ಒಂದೇ ಕಡೆ ನಿಲ್ಲುವುದೂ ಇಲ್ಲ. ಕೋಣೆ ತಣ್ಣಗಾದರೆ ಒಲೆ ಹೆಚ್ಚು ಎಳೆಯುತ್ತದೆ, ತಪ್ಪೂ ಬದಲಾಗುತ್ತದೆ. ಒಲೆ ಮತ್ತು ಗಾಳಿಯನ್ನು ವಾರಗಟ್ಟಲೆ ಬೈದು ಕೊನೆಗೆ ತಂತಿಯಲ್ಲಿ ಕಳ್ಳನನ್ನು ಹಿಡಿದವರು ಬಹಳ. ಇಎಫ್‌ಸಿಯ ಗ್ರೌಂಡ್ ತಂತಿ ಪ್ರತ್ಯೇಕವಾಗಿ ಆಸಿಲೇಟರ್ ಪಿನ್‌ಗೇ ಹೋಗಲಿ.

ಇಲ್ಲಿಗೆ ನಿಮ್ಮ ಹತ್ತಿರ ಒಂದು ಪಿಪಿಬಿಗಿಂತ ಒಳಗಿನ ಸ್ಟ್ಯಾಂಡರ್ಡ್ ಇದೆ. ತಿಂಗಳಿಗೊಮ್ಮೆ ಸ್ಕೋಪ್‌ಗೆ ಹಾಕಿ ತಿದ್ದಿಕೊಳ್ಳುವ ಶಿಸ್ತಿದ್ದರೆ ಹಲವರಿಗೆ ಇಷ್ಟೇ ಸಾಕು.

ಹಂತ 7: ತಾನಾಗಿಯೇ ತಿದ್ದಿಕೊಳ್ಳುವ ಹಾಗೆ ಮಾಡುವುದು

ನೀವು ಸ್ಕೋಪ್ ಮುಂದೆ ಕೂತು ಮಾಡಿದ್ದನ್ನೇ ಮೈಕ್ರೊಕಂಟ್ರೋಲರ್ ಮಾಡಿದರೆ ಅದು ಜಿಪಿಎಸ್‌ಡಿಓ, ಅಂದರೆ ಜಿಪಿಎಸ್‌ನ ಹದ್ದುಬಸ್ತಿನಲ್ಲಿರುವ ಆಸಿಲೇಟರ್. ಪಿಪಿಎಸ್ ಮತ್ತು ಆಸಿಲೇಟರ್ ಅಲೆಯ ನಡುವಿನ ಅಂತರವನ್ನು ಪ್ರತಿ ಸೆಕೆಂಡ್ ಅಳೆಯುವುದು, ಸೋಸುವುದು, ಡ್ಯಾಕ್ ಮೂಲಕ ಇಎಫ್‌ಸಿಯನ್ನು ತುಸು ಸರಿಸುವುದು. ಡ್ಯಾಕ್ ಅಂದರೆ ಅಂಕಿಯನ್ನು ವೋಲ್ಟೇಜ್ ಮಾಡುವ ಐಸಿ. 5 ವೋಲ್ಟ್‌ನ 16 ಬಿಟ್ ಡ್ಯಾಕ್‌ನಲ್ಲಿ ಒಂದು ಹೆಜ್ಜೆ ಸುಮಾರು 76 ಮೈಕ್ರೋವೋಲ್ಟ್. ಮೇಲಿನ ಲೆಕ್ಕದಲ್ಲಿ 0.015 ಪಿಪಿಬಿ. ಹವ್ಯಾಸಕ್ಕೆ ಧಾರಾಳ. 8 ಬಿಟ್ ಡ್ಯಾಕ್ ಇಲ್ಲಿ ನಡೆಯುವುದಿಲ್ಲ.

ಸರ್ಕ್ಯೂಟ್, ಪ್ರೋಗ್ರಾಂ ಬೇಕಾದಷ್ಟು ಸಿಗುತ್ತವೆ, ಅವನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಆದರೆ ಅವುಗಳಲ್ಲೆಲ್ಲ ಇರುವ ಒಂದು ಅಂಕಿಯ ಬಗ್ಗೆ ಹೇಳಲೇಬೇಕು: ಟೈಮ್ ಕಾನ್‌ಸ್ಟೆಂಟ್. ಜಿಪಿಎಸ್ ಮಾತನ್ನು ಎಷ್ಟು ಹೊತ್ತು ಕೇಳಿ ಆಮೇಲೆ ಆಸಿಲೇಟರ್‌ಗೆ ಮುಟ್ಟಿಸಬೇಕು ಅನ್ನುವ ಲೆಕ್ಕ ಅದು. ಪಲ್ಸ್ 20 ನ್ಯಾನೋಸೆಕೆಂಡ್ ನಡುಗುತ್ತದೆ ಅಂದುಕೊಳ್ಳಿ. ಒಂದೇ ಸೆಕೆಂಡ್ ನೋಡಿ ತೀರ್ಮಾನಿಸಿದರೆ 20 ಪಿಪಿಬಿಯಷ್ಟು ತಪ್ಪು ತೀರ್ಮಾನ. ಸಾವಿರ ಸೆಕೆಂಡ್ ನೋಡಿದರೆ ಅದೇ ನಡುಕ 0.02 ಪಿಪಿಬಿ. ಇತ್ತ ಒಳ್ಳೆಯ ಓಸಿಎಕ್ಸ್‌ಓ ಒಂದು ಸೆಕೆಂಡಿನಲ್ಲಿ 0.01 ಪಿಪಿಬಿಯಷ್ಟೂ ಅಲುಗದೆ ಇರಬಲ್ಲದು, ಆದರೆ ಗಂಟೆಗಳು ಕಳೆದಂತೆ ತಾಪ ಮತ್ತು ವಯಸ್ಸಿನ ಎಳೆತಕ್ಕೆ ಸಿಕ್ಕುತ್ತದೆ. ಎರಡೂ ಸಮವಾಗುವ ಜಾಗದಲ್ಲಿ ಕೈಬದಲಾಗಬೇಕು. ಸಾಮಾನ್ಯವಾಗಿ ಅದು ಕೆಲವು ನೂರು ಸೆಕೆಂಡ್‌ನಿಂದ ಸಾವಿರದ ಆಸುಪಾಸು.

ಎಲ್ಲರೂ ಮಾಡುವ ತಪ್ಪೆಂದರೆ ಬೇಗ ಲಾಕ್ ಆಗಲಿ, ಅಂದರೆ ಆಸಿಲೇಟರ್ ಜಿಪಿಎಸ್‌ಗೆ ಬೇಗ ಹೊಂದಿಕೊಳ್ಳಲಿ ಅಂತ ಇದನ್ನು 10 ಸೆಕೆಂಡ್‌ಗೆ ಇಳಿಸುವುದು. ಲಾಕ್ ದೀಪ ಪಟ್ಟನೆ ಹೊತ್ತುತ್ತದೆ, ಮನಸ್ಸಿಗೆ ಖುಷಿಯಾಗುತ್ತದೆ, ಒಳಗೆ ಮಾತ್ರ ಜಿಪಿಎಸ್‌ನ ನಡುಕವನ್ನೆಲ್ಲ ಶಾಂತವಾಗಿದ್ದ ಕ್ವಾರ್ಟ್ಜ್ ಮೇಲೆ ಸುರಿಯುತ್ತಿರುತ್ತೀರಿ. ಶುರುವಿಗೆ 100 ಇಟ್ಟು, ಒಂದು ದಿನ ಕಳೆದ ಮೇಲೆ ನಿಧಾನವಾಗಿ ಏರಿಸಿ. ಏರಿಸಿದಾಗ ಡ್ಯಾಕ್‌ನ ಗೆರೆ ಮೆಲ್ಲಗೆ ಉಯ್ಯಾಲೆಯಾಡಲು ತೊಡಗಿದರೆ ಅತಿಯಾಯಿತು ಅಂತ ಅರ್ಥ, ಒಂದು ಹೆಜ್ಜೆ ಹಿಂದೆ ಬನ್ನಿ.

"ಮಾಡ್ಯೂಲ್‌ನಿಂದಲೇ ನೇರವಾಗಿ 10 ಮೆಗಾಹರ್ಟ್ಸ್ ತೆಗೆಯಬಹುದಲ್ಲ, ಇಷ್ಟೆಲ್ಲ ಯಾಕೆ?" ಅಂತಲೂ ಕೇಳುತ್ತಾರೆ. ಕೆಲವು ಮಾಡ್ಯೂಲ್‌ಗಳು ಕೊಡುತ್ತವೆ, ಹೌದು. ಆದರೆ ಒಳಗಡಿಯಾರದ 48 ಮೆಗಾಹರ್ಟ್ಸ್ ಅನ್ನು 10ರಿಂದ ಭಾಗಿಸಿದರೆ ಪೂರ್ಣಾಂಕ ಬರುವುದಿಲ್ಲ. ಅದಕ್ಕೆ ಕೆಲವು ಅಲೆ ಉದ್ದ, ಕೆಲವು ಗಿಡ್ಡ ಮಾಡಿ ಸರಾಸರಿಯಲ್ಲಿ 10 ತೋರಿಸುತ್ತದೆ. ಗಂಟೆಗಟ್ಟಲೆ ಎಣಿಸಿದರೆ ಸರಿ, ರೇಡಿಯೋಗೆ ಕೊಟ್ಟರೆ ಕರ್ಕಶ. 8 ಮೆಗಾಹರ್ಟ್ಸ್ ಕೇಳಿದರೆ ಸ್ವಲ್ಪ ವಾಸಿ. ಅಲ್ಲೂ ಆಗೀಗ ಒಂದು ಅಂಚು ಜಿಗಿಯುತ್ತದೆ.

ಹಂತ 8: ನಿಜಕ್ಕೂ ಸರಿಯಿದೆಯೇ?

ಹೊಸ ಜಿಪಿಎಸ್‌ಡಿಓವನ್ನು ಕೌಂಟರ್‌ನ ಹಿಂಬದಿಯ ರೆಫರೆನ್ಸ್ ಇನ್‌ಪುಟ್‌ಗೆ ಕೊಟ್ಟು, ಅದನ್ನೇ ಮುಂಬದಿಯ ಇನ್‌ಪುಟ್‌ಗೂ ಕೊಟ್ಟು, "ನೋಡಿ ಸಾರ್, ಎಲ್ಲಾ ಸೊನ್ನೆ!" ಅಂತ ಫೋಟೋ ಕಳಿಸುವವರಿದ್ದಾರೆ. ಕನ್ನಡಿಯ ಮುಂದೆ ನಿಂತು ಎತ್ತರ ಹೋಲಿಸಿದ ಹಾಗೆ. ಅದೇ ಆಸಿಲೇಟರ್ 50 ಪಿಪಿಎಂ ತಪ್ಪಿದ್ದರೂ ಅಷ್ಟೇ ಸೊನ್ನೆ ಬರುತ್ತಿತ್ತು. ಹೋಲಿಕೆಗೆ ಸ್ವತಂತ್ರವಾದ ಇನ್ನೊಂದು ಬೇಕು.

ಗೇಟ್ ಟೈಮ್, ಅಂದರೆ ಕೌಂಟರ್ ಎಣಿಸುವ ಅವಧಿ, ಅದರ ಮಿತಿಯೂ ತಿಳಿದಿರಲಿ. ಅಲೆಗಳನ್ನು ಒಂದೊಂದಾಗಿ ಎಣಿಸುವ ಸಾದಾ ಕೌಂಟರ್ 10 ಮೆಗಾಹರ್ಟ್ಸ್ ಅನ್ನು 1 ಸೆಕೆಂಡ್ ಎಣಿಸಿದರೆ ಒಂದು ಅಲೆಯ ಅನುಮಾನ, ಅಂದರೆ 100 ಪಿಪಿಬಿ ಇದ್ದೇ ಇರುತ್ತದೆ. 100 ಸೆಕೆಂಡ್ ಎಣಿಸಿದರೆ 1 ಪಿಪಿಬಿ. ಡಿಸ್‌ಪ್ಲೇಯಲ್ಲಿ ಅಂಕಿ ಹೆಚ್ಚಿದ್ದ ಮಾತ್ರಕ್ಕೆ ಅವೆಲ್ಲ ನಂಬತಕ್ಕವಲ್ಲ.

ಎರಡು ಸ್ವತಂತ್ರ ಸ್ಟ್ಯಾಂಡರ್ಡ್‌ಗಳಿದ್ದರೆ ಅವುಗಳ ನಡುವಿನ ಅಂತರವನ್ನು ಪ್ರತಿ ಸೆಕೆಂಡ್ ದಾಖಲಿಸಿ ಕನಿಷ್ಠ ಒಂದು ದಿನ ಓಡಿಸಿ. ಆಮೇಲೆ ಅಲನ್ ಡೀವಿಯೇಶನ್ ಅನ್ನುವ ಗ್ರಾಫ್ ಬರೆಯಿರಿ. 1966ರಲ್ಲಿ ಡೇವಿಡ್ ಅಲನ್ ಮುಂದಿಟ್ಟ ಅಳತೆ ಇದು. ಹೆಸರು ಹೆದರಿಸುತ್ತದೆ, ಒಳಗಿರುವುದು ಸರಳ ಪ್ರಶ್ನೆ: ಇಷ್ಟು ಹೊತ್ತಿನ ಸರಾಸರಿ ಆವರ್ತನಕ್ಕೂ ಅದರ ಬೆನ್ನಿಗೇ ಬಂದ ಅಷ್ಟೇ ಹೊತ್ತಿನ ಸರಾಸರಿಗೂ ಸಾಮಾನ್ಯವಾಗಿ ಎಷ್ಟು ವ್ಯತ್ಯಾಸ? 1 ಸೆಕೆಂಡಿಗೆ, 10ಕ್ಕೆ, 100ಕ್ಕೆ, 1000ಕ್ಕೆ ಹೀಗೆ ಕೇಳುತ್ತ ಹೋದರೆ ಗೆರೆ ಸಿಗುತ್ತದೆ. ಟೈಮ್‌ಲ್ಯಾಬ್ ಎಂಬ ತಂತ್ರಾಂಶ ಇದನ್ನು ತಾನೇ ಬರೆದುಕೊಡುತ್ತದೆ. ಜಿಪಿಎಸ್‌ಡಿಓ ಗೆರೆಯಲ್ಲಿ ನಡುವೆ ಒಂದು ಗೂನು ಕಾಣಿಸಿದರೆ ಅದು ಟೈಮ್ ಕಾನ್‌ಸ್ಟೆಂಟ್ ಇರುವ ಜಾಗವೇ. ಗೂನು ಆದಷ್ಟು ತಗ್ಗುವ ಹಾಗೆ ಆ ಅಂಕಿಯನ್ನು ಹೊಂದಿಸುವುದೇ ಟ್ಯೂನಿಂಗ್.

ಹಂತ 9: ಹಂಚುವುದು

ಒಂದೇ ಔಟ್‌ಪುಟ್‌ಗೆ ಟಿ ಕನೆಕ್ಟರ್ ಸಿಕ್ಕಿಸಿ ನಾಲ್ಕು ಉಪಕರಣಗಳಿಗೆ ಎಳೆಯಬೇಡಿ. ಸಿಗ್ನಲ್ ಕುಗ್ಗುತ್ತದೆ, ಒಂದು ಉಪಕರಣ ಆರಿಸಿದರೆ ಉಳಿದವುಗಳಲ್ಲೂ ಅಲೆಯ ಜಾಗ (ಫೇಸ್) ಜಿಗಿಯುತ್ತದೆ. ಪ್ರತಿ ದಾರಿಗೂ ಬೇರೆ ಬೇರೆ ಬಫರ್, 50 ಓಮ್ ಕೇಬಲ್, ಕೊನೆಯಲ್ಲಿ 50 ಓಮ್ ಟರ್ಮಿನೇಶನ್. ಇದಿಷ್ಟು ಮಾಡಿದರೆ ಮತ್ತೆ ತಿರುಗಿ ನೋಡಬೇಕಿಲ್ಲ.

ಎಲ್ಲಾ ಓಡತೊಡಗಿದ ಮೇಲೆ ಡ್ಯಾಕ್‌ನ ಅಂಕಿ, ಡಬ್ಬಿಯೊಳಗಿನ ತಾಪಮಾನ, ಕಾಣುವ ಉಪಗ್ರಹಗಳ ಸಂಖ್ಯೆ ಈ ಮೂರನ್ನೂ ನಿಮಿಷಕ್ಕೊಮ್ಮೆ ಫೈಲಿಗೆ ಬರೆಸಿ. ಲಾಕ್ ದೀಪಕ್ಕಿಂತ ಈ ಫೈಲ್ ಹೆಚ್ಚು ನಿಜ ಹೇಳುತ್ತದೆ. ಡ್ಯಾಕ್ ತಿಂಗಳುಗಟ್ಟಲೆ ಒಂದೇ ದಿಕ್ಕಿಗೆ ಮೆಲ್ಲಗೆ ಏರುತ್ತಿದ್ದರೆ ಅದು ಏಜಿಂಗ್, ಇರಲಿ ಬಿಡಿ. ತಾಪಮಾನದ ಜೊತೆಗೇ ಏರಿಳಿಯುತ್ತಿದ್ದರೆ ಹಂತ 6ರ ಗ್ರೌಂಡ್ ತಂತಿಗೆ ಹಿಂದಿರುಗಿ. ಯಾವ ಕಾರಣವೂ ಇಲ್ಲದೆ ಒಂದು ರಾತ್ರಿ ಮೆಟ್ಟಿಲಿನಂತೆ ಜಿಗಿದು ಅಲ್ಲೇ ನಿಂತರೆ ಅದು ಕ್ರಿಸ್ಟಲ್‌ನದೇ ಚೇಷ್ಟೆ. ವರ್ಷಕ್ಕೊಮ್ಮೆ ಹಾಗಾದರೆ ಕ್ಷಮಿಸಿ, ವಾರಕ್ಕೊಮ್ಮೆ ಆದರೆ ಓಸಿಎಕ್ಸ್‌ಓ ಬದಲಿಸಿ. ಬದಲಿಸಿದ ಮೇಲೆ ಮತ್ತೆ ಹಂತ 3, ಮತ್ತೆ ಅದೇ ಎರಡು ದಿನದ ಕಾಯುವಿಕೆ.